ಬೋಂಡಾ ಪೊಟ್ಟಣಗಳಿಂದ ತಾರಸಿ ಬೇಸಾಯದ ಮಾಹಿತಿ ಪಡೆಯುವ ಬಗ್ಗೆ

ತಾರಸಿ ತರಕಾರಿ ಹಾಗೂ ಕುಂಡ ಹಣ್ಣು ಇಲಾಖೆ, ಪೂರ್ವ ವಲಯ
ಸಂಖ್ಯೆ: ತಾತಕುಹ/ಬೋಂಡಾ/17/1998-99
ದಿನಾಂಕ: 11-12-1998

ಉಲ್ಲೇಖ: (1) ಶ್ರೀಮತಿ ಅಮೃತಮ್ಮ, ಕಾಕ್ಸ್ ಟೌನ್, ಇವರ ದೂರು. (2) ಸದರಿ ದೂರಿಗೆ ಅಂಟಿದ್ದ ಎಣ್ಣೆ.

ಇಲಾಖೆಯು ಅಚ್ಚು ಹಾಕಿಸಿದ ಹತ್ತು ಸಾವಿರ ಕೈಪಿಡಿಗಳಲ್ಲಿ ಏಳು ವರ್ಷಗಳಲ್ಲಿ ಎರಡು ಖರ್ಚಾಗಿದ್ದು, ಅವು ಇದೇ ಕಛೇರಿಯ ಮೇಜಿನ ಕಾಲಡಿ ಸೇವೆಯಲ್ಲಿವೆ. ಮಿಕ್ಕವನ್ನು ರದ್ದಿಗೆ ಹಾಕಲಾಗಿ, ಅವು ಲಿಂಗರಾಜಪುರದ ಶಫಿ ಎಂಬುವರ ಬೋಂಡಾ ಗಾಡಿ ಸೇರಿ, ಹಾಳೆಹಾಳೆಯಾಗಿ ಹರಿದು ಬೋಂಡಾ ಕಟ್ಟುವ ಪೊಟ್ಟಣಗಳಾಗಿ, ಒಂದೇ ತಿಂಗಳಲ್ಲಿ ಹಲಸೂರಿನಿಂದ ಕೆ.ಆರ್.ಪುರದವರೆಗೆ ಮನೆಮನೆ ತಲುಪಿವೆ. ಏಷ್ಯಾ ಖಂಡದಲ್ಲೇ ಇದು ಮೊದಲು. ಉಳಿದ ಖಂಡಗಳನ್ನು ವಿಚಾರಿಸಲಾಗುತ್ತಿದೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಿದೆ:

1. ಮಾಹಿತಿ ಬೇಕಾದ ಬೆಳೆಗಾರರು ಕಛೇರಿಗೆ ಬರತಕ್ಕದ್ದಲ್ಲ. ಇಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ.

2. ಸೊಪ್ಪು, ತರಕಾರಿಯ ಮಾಹಿತಿಗೆ ಒಂದು ಬೋಂಡಾ ಕೊಳ್ಳತಕ್ಕದ್ದು. ಹಣ್ಣಿನ ಗಿಡಕ್ಕೆ ಒಂದು ಪ್ಲೇಟು. ಗೊಬ್ಬರದ ಪ್ರಮಾಣ ಓದಿಕೊಂಡ ಮೇಲೆಯೇ ಚಟ್ನಿ ಹಾಕಿಸಿಕೊಳ್ಳತಕ್ಕದ್ದು. ಹೊರಮಾವಿನ ಬೆಳೆಗಾರರೊಬ್ಬರು ಒಗ್ಗರಣೆಯ ಸಾಸಿವೆಯನ್ನು ದಶಮಾಂಶ ಬಿಂದುವೆಂದು ಭಾವಿಸಿದ ಪರಿಣಾಮ ಅವರ ಬದನೆ ಗಿಡ ಇಂದಿಗೂ ಮೊಣಕಾಲು ದಾಟಿಲ್ಲ.

3. ಪಕ್ಕದವರ ಪೊಟ್ಟಣದೊಳಗೆ ಇಣುಕುವವರು ಮೂರು ದಿನ ಮುಂಚಿತವಾಗಿ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ಬೋಂಡಾ ಆರಿದರೆ ಇಲಾಖೆ ಜವಾಬ್ದಾರಿಯಲ್ಲ.

4. ಶ್ರೀಮತಿ ಅಮೃತಮ್ಮನವರು ಪೇಂಟ್ ಡ್ರಮ್ಮಿನಲ್ಲಿ ಮೂರು ವರ್ಷ ಮಗುವಿನಂತೆ ಸಾಕಿದ ಒಂದೇ ಒಂದು ನಿಂಬೆ ಗಿಡದ ಎಲೆಗಳು ಹಳದಿಯಾಗಿ ಉದುರತೊಡಗಿದ್ದು, ದಿನಕ್ಕೆ ಮೂರು ಹೊತ್ತು ಬಿಂದಿಗೆಗಟ್ಟಲೆ ನೀರು ಸುರಿದರೂ ಗುಣ ಕಂಡಿರುವುದಿಲ್ಲ. ಸದರಿಯವರಿಗೆ ದೊರೆತ ಪೊಟ್ಟಣವು "ನಿಂಬೆಯ ಎಲೆ ಹಳದಿಯಾದಲ್ಲಿ ಗಾಬರಿಯಾಗದೆ ತಕ್ಷಣ" ಎಂಬಲ್ಲಿಗೆ ಹರಿದಿತ್ತು. ಮಿಕ್ಕರ್ಧ ಹಾಳೆಗಾಗಿ ಅವರು ಎಂಟು ದಿನಗಳಲ್ಲಿ ತೊಂಬತ್ತಾರು ಬೋಂಡಾ ಸೇವಿಸಿರುತ್ತಾರೆ. ಗಾಡಿಯ ಮುಂದೆ ನಡೆದ ಮಾತುಕತೆಯನ್ನು ಕಡತದಲ್ಲಿ ಯಥಾವತ್ತಾಗಿ ದಾಖಲಿಸಿದೆ:

ಶಫಿ: "ಅಮ್ಮಾ, ನಿಂಬೆ ಹಾಳೆ ಖಾಲಿ. ಬೆಂಡೆಕಾಯ್ದು ಐತೆ, ಅದ್ರಲ್ಲಿ ಕಟ್ಕೊಡ್ಲಾ?"
ಅಮೃತಮ್ಮ: "ನಿನ್ ಬೆಂಡೆಕಾಯಿಗಿಷ್ಟು! ಅಲ್ಲಿ ನನ್ ಗಿಡ ಸಾಯ್ತಾ ಐತೆ ಕಣೋ. ಇನ್ನೆರಡು ಹಾಕು, ಕೆಳಗಿನ ಹಾಳೆಯಿಂದ ಕೊಡು."
ಶಫಿ: "ಗಿಡ ಆಮೇಲೆ ನೋಡೋಣ, ನಿಮ್ ಹೊಟ್ಟೆ ಗತಿ ಏನಮ್ಮಾ?"

5. ಹೊಟ್ಟೆಯ ಗತಿ ನೆಟ್ಟಗಿಲ್ಲದ ಕಾರಣ ಸದರಿಯವರು ಆ ಎಂಟೂ ದಿನ ತಾರಸಿಯ ಮೆಟ್ಟಿಲು ಹತ್ತಿರುವುದಿಲ್ಲ. ಗಿಡಕ್ಕೆ ತೊಟ್ಟು ನೀರೂ ಬಿದ್ದಿರುವುದಿಲ್ಲ. ಒಂಬತ್ತನೆಯ ದಿನ ಗಿಡ ಹೋಗಿಯೇಬಿಟ್ಟಿತೆಂದು ಅಳುತ್ತಾ ಹತ್ತಿ ನೋಡಲಾಗಿ, ಕೊಂಬೆಕೊಂಬೆಗೂ ಹಸಿರು ಚಿಗುರು. ಅದೇ ಸಂಜೆ ತೊಂಬತ್ತೇಳನೆಯ ಬೋಂಡಾದೊಂದಿಗೆ ಮಿಕ್ಕರ್ಧ ಹಾಳೆಯೂ ದೊರೆತು, ಅದರಲ್ಲಿ "ಎಂಟು ದಿನ ನೀರು ನಿಲ್ಲಿಸಿ" ಎಂದಿತ್ತು.

6. ಓದುವ ಮೊದಲೇ ಅಕ್ಷರಶಃ ಪಾಲನೆಯಾದ ಸರ್ಕಾರಿ ಸಲಹೆ ಭೂಮಂಡಲದಲ್ಲಿ ಇದೊಂದೇ ಎಂದು ಇಲಾಖೆಯು ನಮ್ರತೆಯಿಂದ ಘೋಷಿಸುತ್ತದೆ. ಇನ್ನು ಮುಂದೆ ಬೆಳೆಗಾರರು ಓದುವುದು ಐಚ್ಛಿಕ, ತಿನ್ನುವುದು ಕಡ್ಡಾಯ.

(ಸಹಿ/-)
ಲಕ್ಷ್ಮಿಕಾಂತ
ಪ್ರಭಾರ ಅಧೀಕ್ಷಕರು

ಪ್ರತಿಗಳು:
1. ಶ್ರೀ ಶಫಿ, ಲಿಂಗರಾಜಪುರ: ನೂರು ಪ್ರತಿ, ಸುತ್ತುವ ಸಲುವಾಗಿ.
2. ಶ್ರೀಮತಿ ಅಮೃತಮ್ಮ: ಮೊದಲರ್ಧ ಮಾತ್ರ.
3. ನಿಂಬೆ ಗಿಡ, ಪೇಂಟ್ ಡ್ರಮ್, ಕಾಕ್ಸ್ ಟೌನ್: ಇದೇ ರೀತಿ ಸಹಕರಿಸಲು ಕೋರಿ.