ಭಾವೀ ಮಾವನಿಗೆ ಊರು ತೋರಿಸಿದ್ದು

ಶಿವಮೊಗ್ಗ ನೋಡಲು ಬಂದ ನೆಂಟರನ್ನು ಪೇಟೆ ಸುತ್ತಿಸಲು ಹೊರಟಾಗಲೆಲ್ಲ ನನಗೆ ಏನಾದರೊಂದು ಎಡವಟ್ಟು ಕಾದೇ ಇರುತ್ತಿತ್ತು. ಆದರೆ ಸಾವಿರದ ಒಂಬೈನೂರ ನಲವತ್ತರ ಆಸುಪಾಸಿನ ಆ ಶನಿವಾರದಷ್ಟು ನನ್ನ ಎದೆ ಇನ್ನೆಂದೂ ಹೊಡೆದುಕೊಂಡಿಲ್ಲ.

ಆಗ ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಭದ್ರಾವತಿಯ ಹುಡುಗಿಯೊಬ್ಬಳನ್ನು ನೋಡಿ ಬಂದಿದ್ದೆ. ಮದುವೆಯಾದರೆ ಅವಳನ್ನೇ, ಇಲ್ಲದಿದ್ದರೆ ಮದುವೆಯೇ ಬೇಡ ಎನ್ನುವಷ್ಟು ಹಿಡಿಸಿದ್ದಳು. ಅವಳ ಅಪ್ಪ ಕಬ್ಬಿಣದ ಕಾರ್ಖಾನೆಯ ಮೇಸ್ತ್ರಿ, ಶನಿವಾರ ತಪ್ಪದೆ ರೈಲು ಹತ್ತಿ ಕೋಟೆ ಆಂಜನೇಯನಿಗೆ ಬರುವ ದೈವಭಕ್ತ. ಮದುವೆ ದಲ್ಲಾಳಿ ಅವರಿಗೆ, "ಹುಡುಗ ಹೋಟೆಲಿನ ಮೆಟ್ಟಿಲು ತುಳಿದವನಲ್ಲ" ಎಂದು ನನ್ನ ಪರವಾಗಿ ಸುಳ್ಳು ಹೇಳಿಬಿಟ್ಟಿದ್ದ.

"ಗುಡಿ ಬಿಟ್ಟು ನಾನು ಇಲ್ಲಿ ಏನೂ ನೋಡಿಲ್ಲ. ಊರವರಿಗೂ ಗೊತ್ತಿಲ್ಲದ್ದು ತೋರಿಸಿ ನೋಡೋಣ" ಎಂದರು ಆ ಶನಿವಾರ ರೈಲಿಳಿದ ಭಾವೀ ಮಾವ. ಜಟಕಾ ಹತ್ತಿದೆವು.

೧. ಹಳೇ ಬಾಗಿಲು

ಕೋಟೆಯ ಮೂಲೆಯಲ್ಲಿ ಯಾರೂ ಗಮನಿಸದ ಹಳೇ ಬಾಗಿಲೊಂದಿತ್ತು. ಅವರು ಅದರ ಕಬ್ಬಿಣದ ಪಟ್ಟಿಗೆ ಬೆರಳು ಬಡಿದು ಕಿವಿಗೊಟ್ಟರು.

"ಇದು ನಮ್ಮ ಕಾರ್ಖಾನೇದಲ್ಲ."

"ನಿಮ್ಮ ಕಾರ್ಖಾನೆ ಹುಟ್ಟೋಕೆ ಎಷ್ಟೋ ಮುಂಚಿಂದು, ಸಾರ್."

"ಅದಕ್ಕೇ ತುಕ್ಕು ಹಿಡ್ದಿದೆ" ಎಂದು ಮುಂದೆ ನಡೆದರು.

೨. ನೆರೆಯ ಗುರುತು

ತುಂಗಾ ಹೊಳೆಯ ಮೆಟ್ಟಿಲ ಪಕ್ಕದ ಕಂಬದ ಮೇಲಿನ ಗೆರೆ ತೋರಿಸಿ, "ನಮ್ಮ ತಾತನ ಕಾಲದಲ್ಲಿ ನೆರೆ ಇಲ್ಲೀವರೆಗೆ ಬಂದಿತ್ತು" ಎಂದೆ. ಅವರು ಗೆರೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಜಟಕಾ ಸಾಬರಿಗೆ ತಡೆಯಲಾಗಲಿಲ್ಲ.

"ನೆರೆ ಎಲ್ಲಿಂದ ಬಂತು ಸ್ವಾಮಿ? ನಮ್ಮಪ್ಪ ಅಲ್ಲೇ ಕುದುರೆ ಕಟ್ತಿದ್ರು. ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೆರೆ ಅದು!"

ಹುಡುಗಿ ಅರ್ಧ ಕೈತಪ್ಪಿದಳು ಎಂದುಕೊಂಡೆ. ಭಾವೀ ಮಾವನವರು ಬೆರಳನ್ನು ಪಂಚೆಗೆ ಒರೆಸಿಕೊಂಡರು.

೩. ಗೋಣಿಪರದೆ

ಕೋಟೆ ರಸ್ತೆಯ ಹೋಟೆಲಿನ ಮುಂದೆ ಬಂದಾಗ ಈರುಳ್ಳಿ ಬಜ್ಜಿಯ ಘಮ ಮೂಗಿಗೆ ಬಡಿಯಿತು. ಅವರು ಮುಖ ತಿರುಗಿಸಿ, "ಕಾಲ ಕೆಟ್ಟೋಯ್ತು" ಎಂದರು. ನಾನೂ "ಥೂ" ಎಂದೆ. ಆ ಹೋಟೆಲಿನ ಹಿಂದೆ ಗೋಣಿಪರದೆ ಕಟ್ಟಿದ ಕೋಣೆಯೊಂದಿತ್ತು. ಯಾರ ಕಣ್ಣಿಗೂ ಬೀಳಬಾರದ ಆಚಾರವಂತರಿಗಾಗಿಯೇ ಅದು. ಶನಿವಾರವೊಂದು ಬಿಟ್ಟು ನಾನು ದಿನಾ ಸಂಜೆಯ ಗಿರಾಕಿ.

ಸಂಜೆಯಾಯಿತು. "ನಾನೊಬ್ಬನೇ ಆಂಜನೇಯನಿಗೆ ಪ್ರದಕ್ಷಿಣೆ ಹಾಕಿ ಬರ್ತೀನಿ" ಎಂದರು. ಬದುಕಿದೆಯಾ ಬಡಜೀವ ಎಂದುಕೊಂಡು, "ನಾನು ಹೊಳೆಗೆ, ಸಂಧ್ಯಾವಂದನೆಗೆ" ಎಂದು ಹಿತ್ತಲ ಓಣಿ ಹಿಡಿದೆ. ಗೋಣಿಪರದೆ ಎತ್ತಿದೆ.

ಒಳಗೆ ಭಾವೀ ಮಾವ ಕೂತಿದ್ದರು. ಮುಂದೆ ಬಜ್ಜಿ.

ಮದುವೆ ಮುರಿಯಿತು ಎಂದು ಪರದೆ ಬಿಟ್ಟು ಹಿಂದಿರುಗಲು ಹೊರಟೆ. ಅಷ್ಟರಲ್ಲಿ ಒಳಗಿನಿಂದ ಹೋಟೆಲಿನವರು ಕೂಗಿದರು: "ಭದ್ರಾವತಿಯವ್ರೇ, ಮನೆಗೆ ಯಾವಾಗ್ಲಿನ ಹಾಗೆ ಒಂದು ಪೊಟ್ಟಣ ಕಟ್ಲಾ?"

ಮಾವನವರು ಬೆಂಚಿನಲ್ಲಿ ಸರಿದು ಜಾಗ ಮಾಡಿದರು. "ಊರವರಿಗೆ ಗೊತ್ತಿಲ್ಲದ್ದು ತೋರಿಸಿ ಅಂದ್ರೆ, ಇದೊಂದನ್ನೇ ಮುಚ್ಚಿಟ್ರಲ್ಲ ಮಾರಾಯ್ರೆ!"

ಮುಂದಿನ ತಿಂಗಳೇ ಲಗ್ನವಾಯಿತು. ಈಗ ಆ ಹೋಟೆಲೂ ಇಲ್ಲ, ಮಾವನವರೂ ಇಲ್ಲ. ಕೋಟೆ ರಸ್ತೆಯಲ್ಲಿ ಹೋಗುವಾಗ ಇವತ್ತಿಗೂ ಹಿತ್ತಲ ಓಣಿಯತ್ತ ಒಮ್ಮೆ ತಿರುಗಿ ನೋಡುತ್ತೇನೆ.

ಮದುವೆಯಾದ ಮೊದಲ ಶನಿವಾರ ಮಾವ ಅಳಿಯ ಇಬ್ಬರೂ ವಿಭೂತಿ ಬಳಿದುಕೊಂಡು ಪ್ರದಕ್ಷಿಣೆಗೆ ಹೊರಟಿದ್ದೆವು. ಹೆಂಡತಿ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದಳು:

"ಅಪ್ಪಾ, ಹೋದ್ಸಲದ ಪ್ರಸಾದದಲ್ಲಿ ಈರುಳ್ಳಿ ಕಮ್ಮಿ ಇತ್ತು. ಇವತ್ತು ಹೇಳಿ ಹಾಕಿಸ್ಕೊಂಡು ಬನ್ನಿ."