ಪರಿಚಯದವರೊಬ್ಬರ ಎದೆನೋವು

ನಮ್ಮ ಜನಕ್ಕೆ ರೋಗ ಬರುವುದಿಲ್ಲ. ಬಂದರೆ ಪರಿಚಯದವರೊಬ್ಬರಿಗೆ ಬರುತ್ತದೆ. ಇದನ್ನು ನಾನು ಕಂಡುಕೊಂಡದ್ದು ಹೈದರಾಬಾದಿನ ನಮ್ಮ ಕನ್ನಡ ಸಂಘದ ಹಾಲಿನಲ್ಲಿ ಕೂತು. ಕಾಚಿಗೂಡ ಸ್ಟೇಷನ್ನಿನ ಹತ್ತಿರದ ಆ ಹಾಲಿಗೆ ತಿಂಗಳಿಗೊಂದು ಭಾನುವಾರ ರಾಯಚೂರು ಕಡೆಯ ವೈದ್ಯೆಯೊಬ್ಬರು, ನಮ್ಮೆಲ್ಲರ ‘ಡಾಕ್ಟರ್ ಬಾಯಿ’, ಬಂದು, ಹೃದಯ, ವರ್ಷಗಟ್ಟಲೆ ಬಿಡದ ನೋವು, ಸಾವು ಎಂದು ಒಂದೊಂದು ವಿಷಯ ಹಿಡಿದು ನಮ್ಮ ಜೊತೆ ಮಾತಾಡುತ್ತಾರೆ. ಅದೂ ಕನ್ನಡದಲ್ಲಿ. ಮನೆಯ ಹೊಸ್ತಿಲು ದಾಟಿದರೆ ತೆಲುಗು, ಇಲ್ಲವೇ ಹಿಂದಿ ಆಡುವ ನಮಗೆ ಇದು ಸಣ್ಣ ಸುಖವಲ್ಲ. ಬೇರೆ ಡಾಕ್ಟರರ ಮುಂದೆ ನಾವು ತೆಲುಗಿನಲ್ಲಿ ‘ನೊಪ್ಪಿ’, ಅಂದರೆ ನೋವು, ಎಂದು ಕೈ ತೋರಿಸಿ ಸುಮ್ಮನಾಗುತ್ತೇವೆ. ಚುಚ್ಚುವುದು, ಹಿಂಡುವುದು, ಜಗ್ಗುವುದು, ಛಳಕು ಹೊಡೆಯುವುದು ಎಲ್ಲ ನಮಗೆ ಬರುವುದು ಕನ್ನಡದಲ್ಲಿ ಮಾತ್ರ.

ಆದರೆ ಪ್ರಶ್ನೆ ಕೇಳುವ ಹೊತ್ತಿಗೆ ಹಾಲಿನಲ್ಲಿ ಒಬ್ಬ ರೋಗಿಯೂ ಉಳಿದಿರುವುದಿಲ್ಲ. ಕೆಮ್ಮುತ್ತ ಎದ್ದವರು ತಮ್ಮ ಷಡ್ಡಕನ ಕೆಮ್ಮಿನ ಬಗ್ಗೆ ಕೇಳುತ್ತಾರೆ. ಕೋಠಿಯಲ್ಲಿ ಸೀರೆ ಅಂಗಡಿ ಇಟ್ಟಿರುವ ಒಬ್ಬರು, ಕುರ್ಚಿಯಿಂದ ಏಳಲು ಇಬ್ಬರ ಸಹಾಯ ಪಡೆದು, ತಮ್ಮ ಗೆಳೆಯರೊಬ್ಬರ ತೂಕ ಇಳಿಯಲು ಏನು ಮಾಡಬೇಕೆಂದು ವಿಚಾರಿಸುತ್ತಾರೆ. ಒಮ್ಮೆ ಒಬ್ಬ ಅಕ್ಕನವರು “ನಮ್ಮ ಬಾಜೂ ಮನಿಯವರಿಗೆ ರಾತ್ರಿ ನಿದ್ದಿ ಬರೂದಿಲ್ರಿ” ಎಂದಾಗ, ಹಿಂದಿನ ಸಾಲಿನಲ್ಲಿದ್ದ ಬಾಜೂ ಮನೆಯವರೇ ಎದ್ದು “ನನಗ ಚಲೋ ನಿದ್ದಿ ಬರತೈತಿ” ಎಂದುಬಿಟ್ಟರು. ಡಾಕ್ಟರ್ ಬಾಯಿ ಮಾತ್ರ ನಗದೆ, “ಹಂಗಾದ್ರ ಯಾರಿಗೆ ಬರೂದಿಲ್ಲೋ ಅವರಿಗೆ ಹೇಳ್ರಿ” ಎಂದು ಔಷಧದ ಬದಲು ಸಂಜೆಯ ಚಹಾ ಬಿಡಿಸಿದರು.

ಸಾವಿನ ಬಗ್ಗೆ ಮಾತಾಡಿದ ದಿನ ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಅವರು ಕನ್ನಡಕ ಒರೆಸಿಕೊಂಡು, “ಸಾವಿನ ಮಾತು ಆಡಿದ್ರ ಸಾವು ಬರೂದಿಲ್ರಿ. ಮಗಳ ಲಗ್ನದ ಮಾತು ತೆಗೆದ ಕೂಡಲೇ ಬೀಗರು ಬಾಗಿಲಿಗೆ ಬಂದು ನಿಂದರತಾರೇನು?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಅರ್ಧಕ್ಕೇ ನಿಲ್ಲಿಸಿದೆ. ಯಾಕೆಂದರೆ ಕೆಲವು ವಾರಗಳಿಂದ ಬೆಳಗಿನ ವಾಕಿಂಗಿನಲ್ಲಿ ದಿನ್ನೆ ಏರುವಾಗ ನನ್ನ ಎದೆಯನ್ನು ಯಾರೋ ಒದ್ದೆ ಬಟ್ಟೆಯಂತೆ ಹಿಂಡುತ್ತಿದ್ದರು. ನಿಂತರೆ ಬಿಡುತ್ತಿದ್ದರು. ಹೆಂಡತಿ ಸುಶೀಲಾಗೆ ಹೇಳಿರಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ವರ್ಷಗಟ್ಟಲೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನ ವಿಚಾರಶಕ್ತಿ ಇದು.

ಮುಂದಿನ ತಿಂಗಳು ಹೃದಯದ ಸರದಿ. ನಾನು ಎದ್ದೆ. “ನನ್ನ ಸ್ನೇಹಿತರೊಬ್ಬರಿಗೆ, ದಿನಾ ಮುಂಜಾನೆ ನನ್ನ ಜೋಡಿ ವಾಕಿಂಗಿಗೆ ಬರೋರಿಗೆ, ದಿನ್ನಿ ಏರುವಾಗ ಎದಿ ಹಿಂಡಿದಂಗ ಆಗತೈತಿ” ಎಂದೆ. ಡಾಕ್ಟರ್ ಬಾಯಿ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿ, “ಆ ಸ್ನೇಹಿತರು ಒಂದು ದಿನಾನೂ ತಡಾ ಮಾಡಬಾರದು. ನಾಳೆನ ದವಾಖಾನಿಗೆ ಹೋಗಬೇಕು” ಎಂದರು.

ನನ್ನ ಜೊತೆ ವಾಕಿಂಗಿಗೆ ಬರುವ ಸ್ನೇಹಿತ ಜಗತ್ತಿನಲ್ಲಿ ಒಬ್ಬರೇ: ನೀರಾವರಿ ಇಲಾಖೆಯಿಂದ ನಿವೃತ್ತರಾದ ಗುರುನಾಥರಾಯರು. ಅವರು ಅಂದು ಬಂದಿರಲಿಲ್ಲ. ಅವರ ಹೆಂಡತಿ ಪದ್ಮಕ್ಕ ಮೂರನೇ ಸಾಲಿನಲ್ಲಿ ಕೂತಿದ್ದರೆಂಬುದು ನನಗೆ ಹೊಳೆದದ್ದು ಅವರು ಕೊನೆಗೆ ಹಂಚಿದ ಅವಲಕ್ಕಿಯನ್ನೂ ಬಿಟ್ಟು ಹೊರಗೆ ಓಡಿದಾಗ.

ಮರುದಿನ ಪದ್ಮಕ್ಕ ಗುರುನಾಥರಾಯರನ್ನು ಆಸ್ಪತ್ರೆಗೆ ಎಳೆದೊಯ್ದರು. ಅಲ್ಲಿ ಎದೆಗೆ ವೈರು ಅಂಟಿಸಿ, ಯಂತ್ರದ ಮೇಲೆ ಓಡಿಸಿ, ರಕ್ತ ತೆಗೆದು ಬಿಟ್ಟರು. ಸಂಜೆ ಅವರು ನಾರಾಯಣಗೂಡದ ನಮ್ಮ ಮನೆಗೆ ಬಂದರು. ಜಗಳಕ್ಕೇ ಬಂದರೆಂದು ತಿಳಿದು ನಾನು ಪೇಪರ್ ಅಡ್ಡ ಹಿಡಿದೆ.

“ನನ್ನ ಎದಿ ಗಟ್ಟಿಮುಟ್ಟ ಐತಂತ,” ಎಂದು ಅವರು ಪೇಪರನ್ನು ಮೆಲ್ಲಗೆ ಕೆಳಗಿಳಿಸಿದರು. “ಮತ್ತ ದಿನ್ನಿ ಮ್ಯಾಲೆ ದಿನಾ ನಿಂತು ಚಪ್ಪಲಿ ಸರಿ ಮಾಡಿಕೊಳ್ಳೋರು ಯಾರ್ರಿ? ನಾನು ಚಪ್ಪಲಿನ ಹಾಳಾಗೇದ ಅಂತ ತಿಳಿದಿದ್ದೆ.”

ಚಹಾ ತಂದ ಸುಶೀಲಾ ಬಾಗಿಲಲ್ಲೇ ನಿಂತಳು. ಕಪ್ಪು ಕೆಳಗಿಟ್ಟು, ಸೀರೆ ಬದಲಿಸಿ ಬಂದು, “ಗುರುನಾಥರಾಯರ, ಆಟೋ ಕರೀರಿ” ಎಂದಳು. ಆಟೋದಲ್ಲಿ ನನ್ನ ಕೈ ಬಿಡಲಿಲ್ಲ.

ರಕ್ತನಾಳವೊಂದು ಮುಚ್ಚುವುದರಲ್ಲಿತ್ತಂತೆ. ಸ್ಟೆಂಟ್ ಹಾಕಿದರು. ಮೂರನೆಯ ದಿನ ಡಾಕ್ಟರ್ ಬಾಯಿ ತಾವಾಗಿಯೇ ವಾರ್ಡಿಗೆ ಬಂದು, “ನಿಮ್ಮ ಸ್ನೇಹಿತರು ಈಗ ಹೆಂಗದಾರ್ರಿ?” ಎಂದರು. “ಆರಾಮ ಅದಾರ್ರಿ. ನಿಮಗ ಕೈ ಮುಗೀತಾರ” ಎಂದೆ. ನಿಜವಾಗಿಯೂ ಮುಗಿದೆ.

ಗುರುನಾಥರಾಯರು ಮಂಚದ ಪಕ್ಕ ಕೂತು ಮೋಸಂಬಿ ಸುಲಿಯುತ್ತಿದ್ದರು. ಒಂದು ತೊಳೆ ನನಗೆ, ಎರಡು ಅವರಿಗೆ. ನನ್ನ ಬದಲು ಯಂತ್ರದ ಮೇಲೆ ಓಡಿದ ಆ ಮನುಷ್ಯನನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. “ನಿಮ್ಮ ಉಪಕಾರ ಹೆಂಗ ತೀರಸಲಿ?” ಎಂದೆ. ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. “ನನಗ ಭಾಳ ವರ್ಷದಿಂದ ಮೊಣಕಾಲು ನೋವೈತಿ. ಮಂದಿ ಮುಂದ ಕೇಳಾಕ ನಾಚಿಕಿ. ಮುಂದಿನ ಸಲ ನೀವ ಕೇಳ್ರಿ.”

ಕೇಳಿದೆ. ಸತ್ಯವಂತನ ಧೈರ್ಯದಿಂದ ಎದ್ದು ನಿಂತು, “ನನ್ನ ಸ್ನೇಹಿತರೊಬ್ಬರಿಗೆ ಮೊಣಕಾಲು ನೋವು” ಎಂದೆ. ನನ್ನ ಎದೆಯ ಕಥೆ ಆಗಲೇ ಕೇಳಿದ್ದ ಇಡೀ ಸಭೆ ನಕ್ಕಿತು. ಸುಶೀಲಾ ಹಣೆ ಚಚ್ಚಿಕೊಂಡಳು. ಪಕ್ಕದಲ್ಲಿದ್ದ ಗುರುನಾಥರಾಯರು ಎಲ್ಲರಿಗಿಂತ ಜೋರಾಗಿ ನಕ್ಕು ಫ್ಯಾನು ನೋಡತೊಡಗಿದರು.

“ಈ ಸಲನೂ ನಾಚಿಕೊಂಡು ಕುಂದ್ರಬ್ಯಾಡ್ರಿ,” ಎಂದರು ಡಾಕ್ಟರ್ ಬಾಯಿ. “ಮುಂದ ಬರ್ರಿ. ಕಾಲು ತೋರಸ್ರಿ.”

ಬದುಕಿ ಉಳಿದವನಿಗೆ ಮಾನದ ಹಂಗೇನು? ಸ್ವಲ್ಪ ಕುಂಟುತ್ತಲೇ ಮುಂದೆ ಹೋಗಿ, ಪ್ಯಾಂಟು ಮಡಚಿ, ಎಡಗಾಲು ಚಾಚಿದೆ.

“ಅದಲ್ರಿ,” ಎಂದು ಹಿಂದಿನಿಂದ ಗುರುನಾಥರಾಯರ ದನಿ ಬಂತು, “ಬಲಗಾಲು.”