ಮಾವನ ಬಿಪಿ ಪುಸ್ತಕ

ನಮ್ಮ ಸೋದರಮಾವನಿಗೆ ಬಿಪಿ ಇದೆ. ಆದರೆ ಅದು ಏರುವುದು ಮಾತ್ರ ನಮಗೆ!

ಗುಂಡ್ಲುಪೇಟೆ ಪಕ್ಕದಲ್ಲಿ ಅರಿಶಿನ ಬೆಳೆಯುವ ಈ ಮಹಾನುಭಾವರಿಗೆ ಡಾಕ್ಟರು ಉಪ್ಪು ಅರ್ಧ ಮಾಡಿ ಎಂದರು. ಮಾಡಿದರು. ಹುರುಳಿ ಸಾರಿಗೆ ಅರ್ಧ ಉಪ್ಪು ಹಾಕಿಸಿ, ಎರಡರಷ್ಟು ಸಾರು ಸುರಿದುಕೊಂಡರು! ಕೇಳಿದರೆ, "ಡಾಕ್ಟ್ರು ಮಾತ ಮೀರಿದ್ನೇನ್ಲಾ?" ಎಂದು ನನ್ನನ್ನೇ ಗದರಿದರು.

ಕೊನೆಗೆ ನಾನೇ ಒಂದು ಬಿಪಿ ಮಷೀನು ತಂದುಕೊಟ್ಟೆ. ದಿನಾ ಬೆಳಿಗ್ಗೆ ಸುಮ್ಮನೆ ಕುಳಿತು ನೋಡಿ, ಪುಸ್ತಕದಲ್ಲಿ ಬರೆದಿಡಿ ಎಂದರು ಡಾಕ್ಟರು. ಮೂರು ತಿಂಗಳಾದ ಮೇಲೆ ಮಾವ, ಅತ್ತೆ, ನಾನು ಮೂವರೂ ಚಾಮರಾಜನಗರಕ್ಕೆ ಹೋಗಿ ಪುಸ್ತಕ ತೋರಿಸಿದರೆ ಡಾಕ್ಟರಿಗೆ ಬೆರಗು. ಒಂದು ದಿನವೂ ತಪ್ಪಿಲ್ಲ, ಒಂದು ಅಂಕಿಯೂ ಏರಿಲ್ಲ! ಮಾವ ನನ್ನತ್ತ ನೋಡಿ ಮೀಸೆ ನೀವಿಕೊಂಡರು. ಆದರೆ ನಾಡಿ ಹಿಡಿದು, ಬಿಪಿ ನೋಡಿದ ಡಾಕ್ಟರ ಮುಖ ಗಂಟಿಕ್ಕಿತು.

"ಬಡಿತ ಒಂದೇ ಸಮ ಇಲ್ಲವಲ್ಲ. ಬಿಪಿಯೂ ತುಂಬಾ ಜಾಸ್ತಿ. ಪುಸ್ತಕದಲ್ಲಿರೋದು ಯಾರ ಬಿಪಿ?"

"ನಂದು" ಎಂದರು ಅತ್ತೆ!

ಮಾವ ಗಂಭೀರವಾಗಿ ವಿವರಿಸಿದರು: "ನಾನು ಸುಮ್ಕೆ ಕೂರದು ಲಿಂಗಪೂಜೆ ಹೊತ್ತಲ್ಲಿ ಮಾತ್ರ, ಸ್ವಾಮಿ. ಎಡಗೈಲಿ ಲಿಂಗ, ಬಲಗೈಲಿ ಪತ್ರೆ. ಮಷೀನು ಪಟ್ಟಿಯ ಇನ್ಯಾವ ಕೈಗೆ ಕಟ್ಟದು? ಪಕ್ಕದಲ್ಲಿ ಕೂತಿರೋ ಇವಳ ಕೈಗೆ ಕಟ್ಕ ಅಂದ್ಬುಟ್ಟೆ. ಗಂಡ ಹೆಂಡ್ರು ಬ್ಯಾರೆ ಬ್ಯಾರೆನಾ?"

ಡಾಕ್ಟರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಬಿಪಿ ಹೀಗೇ ಬಿಟ್ಟಿದ್ದಕ್ಕೇ ಹೃದಯ ತಾಳ ತಪ್ಪಿರಬಹುದು, ಇನ್ನೂ ಉದಾಸೀನ ಮಾಡಿದರೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು ಎಂದು ಹೇಳಿ ಇಸಿಜಿಗೆ ಬರೆದುಕೊಟ್ಟರು. ಅತ್ತೆ ಚೀಟಿ ಮಾಡಿಸಲು ಹೋದರು. ಹೊರಗಿನ ಬೆಂಚಿನಲ್ಲಿ ನಾನು ಮಾವನ ಮೇಲೆ ರೇಗಿದೆ. ಮಾವ ಎಂದೂ ಇಲ್ಲದಂತೆ ದನಿ ತಗ್ಗಿಸಿದರು.

"ಮೊದಲ್ನೇ ದಿನ ಕದ್ದು ನಂದೇ ನೋಡ್ಕಂಡೆ ಕಣ್ಲಾ. ನಂಬರು ಎಲ್ಲೋ ಮೇಲ್ಕೋಗಿತ್ತು. ಭಯ ಆಗೋಯ್ತು. ಇವಳ್ಗೆ ಹೇಳಕೆ ಬಾಯೇ ಬರ್ನಿಲ್ಲ. ನಂಗೇನಾದ್ರೂ ಆದ್ರೆ ಇವಳ್ಗೆ ಯಾರವ್ರೆ?"

ಚೀಟಿ ಹಿಡಿದು ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಮಾವನನ್ನು ಇಸಿಜಿಗೆ ಕರೆದುಕೊಂಡು ಹೋದರು. ಅದರಲ್ಲೂ ಬಡಿತ ತಾಳ ತಪ್ಪಿದ್ದೇ ಕಂಡಿತು, ಮಾತ್ರೆ ಶುರುವಾಯಿತು.

ಆ ದಿನ ನಾನು ಮಾವನ ಮನೆಯಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಪೂಜೆ ಮುಗಿಯುತ್ತಲೇ ಅತ್ತೆ ಮಾವನ ತೋಳಿಗೆ ಪಟ್ಟಿ ಕಟ್ಟಿದರು. "ಎಷ್ಟಾರ ಬರ್ಲಿ. ಇಬ್ರೂ ನೋಡನ" ಎಂದರು. ಮಷೀನು ಗುಯ್ ಎನ್ನತೊಡಗಿದಾಗ ಮಾವ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಅತ್ತೆ ಅವರ ಕೈ ಹಿಡಿದುಕೊಂಡರು. ನಂಬರು ಬಂತು, ನಾನು ಬರೆದೂ ಆಯಿತು. ಅತ್ತೆ ಇನ್ನೂ ಆ ಕೈ ಬಿಟ್ಟಿರಲಿಲ್ಲ.